ಪೇಟೆಯ ಆದ್ಯ ತೋಟಗಾರರು: ಬೆಂಗಳೂರಿನ ತಿಗಳ ಬೇಸಾಯ ಕುಟುಂಬ ಮತ್ತು ಕರಗದ ನೆನಪು

ಬೆಂಗಳೂರು ನಗರದ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಕಟ್ಟಲಾಗಿದೆ. ಒಂದು, 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡನಿಂದ ಆರಂಭವಾಗುವ ಆಳರಸರ ಚರಿತ್ರೆ. ಮತ್ತೊಂದು, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕವನ್ನು ನಡುವಾಗಿಟ್ಟುಕೊಂಡು ಬೆಳೆದ ವರ್ತಕರ, ನೇಕಾರರ, ಕುಶಲಕರ್ಮಿಗಳ ಚರಿತ್ರೆ. ಈ ಎರಡರಲ್ಲಿಯೂ ಬೇಸಾಯಗಾರನಿಗೆ ಸ್ಥಾನವಿಲ್ಲ. ಪೇಟೆಯೆಂದರೆ ಮಾರುವ ಜಾಗ, ಹಳ್ಳಿಯೆಂದರೆ ಬೆಳೆಯುವ ಜಾಗ ಎಂಬ ವಿಭಜನೆ ಇದಕ್ಕೆ ಕಾರಣವಾಗಿದೆ. ಆದರೆ ಪೇಟೆಯ ಹೆಸರುಗಳೇ ಈ ವಿಭಜನೆಯನ್ನು ಪ್ರಶ್ನಿಸುತ್ತವೆ. ಅಕ್ಕಿಪೇಟೆ, ರಾಗಿಪೇಟೆಗಳು ಸರಕಿನ ಹೆಸರುಗಳು. ಕುಂಬಾರಪೇಟೆ, ಗಾಣಿಗರಪೇಟೆಗಳು ಕಸುಬುದಾರರ ಹೆಸರುಗಳು. ಇವುಗಳ ನಡುವೆ ತಿಗಳರಪೇಟೆಯು ಮಣ್ಣಿನಲ್ಲಿ ಬೆಳೆ ತೆಗೆದ ಸಮುದಾಯವೊಂದರ ಹೆಸರನ್ನು ಉಳಿಸಿಕೊಂಡಿದೆ. ಈ ಸಮುದಾಯದ ಬೇಸಾಯ ಬದುಕನ್ನು, ಅದರ ಘಟಕವಾದ ಕುಟುಂಬವನ್ನು ಮತ್ತು ಅದು ಕರಗದ ಆಚರಣೆಯಲ್ಲಿ ಪಡೆದ ರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಮತ್ತು ದಾಖಲೆ

ಹಳಗನ್ನಡ ಕಾವ್ಯ ಶಾಸನಗಳಲ್ಲಿ ‘ತಿಗುಳ’ ಎಂಬ ಪದವು ತಮಿಳರನ್ನು ಸೂಚಿಸುತ್ತದೆ. ‘ತಿಗಳ’ ಎಂಬ ಸಮುದಾಯವಾಚಕವು ಇದೇ ಮೂಲದ್ದು. ಅಂದರೆ ಈ ಹೆಸರು ಸಮುದಾಯವು ತನಗೆ ತಾನೇ ಇಟ್ಟುಕೊಂಡದ್ದಲ್ಲ. ವಲಸೆ ಬಂದವರನ್ನು ನೆರೆಯ ಕನ್ನಡಿಗರು ಗುರುತಿಸಿದ ಬಗೆ. ಸಮುದಾಯವು ತನ್ನನ್ನು ವಹ್ನಿಕುಲ ಕ್ಷತ್ರಿಯ ಎಂದು ಕರೆದುಕೊಳ್ಳುತ್ತದೆ. ವಲಸೆಯ ಕಾಲದ ಬಗ್ಗೆ ಐತಿಹ್ಯಗಳು ಒಂದೇ ತೆರನಾಗಿಲ್ಲ. ಕೆಲವು ಕಥನಗಳು ಅದನ್ನು ಕೆಂಪೇಗೌಡನ ಕಾಲಕ್ಕೆ ಅಥವಾ ಅದಕ್ಕೂ ಹಿಂದಕ್ಕೆ ಒಯ್ದರೆ, ಮತ್ತೆ ಕೆಲವು 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ತೋಟದೊಂದಿಗೆ ಜೋಡಿಸುತ್ತವೆ. ವಲಸೆ ಒಂದೇ ಬಾರಿ ಆಗಿರಬೇಕಾಗಿಲ್ಲವಾದ್ದರಿಂದ ಈ ಐತಿಹ್ಯಗಳು ಪರಸ್ಪರ ವಿರೋಧಿಗಳೆಂದು ಭಾವಿಸಬೇಕಾಗಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಲಾಲ್‌ಬಾಗನ್ನು ವಿವರವಾಗಿ ವರ್ಣಿಸಿದ್ದಾನೆ. ಕಾಲುದಾರಿಗಳಿಂದ ಬೇರ್ಪಟ್ಟ ಚೌಕಾಕಾರದ ಪಾತಿಗಳು, ಒಂದೊಂದು ಬಗೆಯ ಗಿಡಕ್ಕೆ ಒಂದೊಂದು ಪಾತಿ, ಅಂಚಿನಲ್ಲಿ ಸೈಪ್ರೆಸ್ ಮರಗಳು, ನೀರಿಗೆ ಕಪಿಲೆ ಬಾವಿಗಳು ಅವನ ವರ್ಣನೆಯಲ್ಲಿವೆ. ಬೇಸಿಗೆಯಲ್ಲಿ ಎಲ್ಲಕ್ಕೂ ನೀರೆತ್ತಿ ಹಾಯಿಸಲೇಬೇಕಾದ ಒಣನೆಲ ಇದೆಂಬುದನ್ನು ಅವನು ಗಮನಿಸಿದ್ದಾನೆ. ಮುಂದೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ತಿಗಳರನ್ನು ಸೊಪ್ಪು ತರಕಾರಿ ಬೆಳೆಯುವುದರಲ್ಲಿ ನುರಿತವರೆಂದೂ ಹೆಚ್ಚಾಗಿ ತಮಿಳು ಮೂಲದವರೆಂದೂ ದಾಖಲಿಸಿತು. ಈ ದಾಖಲೆಗಳು ತೋಟವನ್ನು ಕಂಡಿವೆ, ಕೌಶಲವನ್ನು ಕಂಡಿವೆ. ಆದರೆ ಆ ಕೌಶಲ ಎಲ್ಲಿ ರೂಪುಗೊಂಡು ಹೇಗೆ ಮುಂದಿನ ತಲೆಮಾರಿಗೆ ದಾಟಿತೆಂಬುದನ್ನು ಕಂಡಿಲ್ಲ. ಅದು ದಾಟಿದ್ದು ಕುಟುಂಬದ ಮೂಲಕ.

2. ಕಪಿಲೆಯೂ ಕುಟುಂಬವೂ

ಬೆಂಗಳೂರು ಸೀಮೆಯ ರಾಗಿ ಬೇಸಾಯ ಮಳೆಯಾಶ್ರಿತವಾದುದು. ಮುಂಗಾರಿನಲ್ಲಿ ಬಿತ್ತಿ ನಾಲ್ಕು ತಿಂಗಳು ಕಾದು ಕೊಯ್ಯುವ ಬೆಳೆಯದು. ಕೊಯ್ದ ಕಾಳು ಕಣಜದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸೊಪ್ಪು ಹೂವುಗಳ ಬೇಸಾಯ ಇದಕ್ಕೆ ಪೂರ್ತಿ ಭಿನ್ನ. ಮೆಂತ್ಯ, ಕೊತ್ತಂಬರಿ, ದಂಟುಗಳು ಒಂದು ಒಂದೂವರೆ ತಿಂಗಳಲ್ಲಿ ಕೈಗೆ ಬರುತ್ತವೆ. ಕಿತ್ತ ಸೊಪ್ಪು ಮರುದಿನಕ್ಕೆ ಬಾಡುತ್ತದೆ; ಬಿಡಿಸಿದ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಆದ್ದರಿಂದ ಈ ಬೇಸಾಯಗಾರನಿಗೆ ಎರಡು ಸಂಗತಿಗಳು ಅನಿವಾರ್ಯ: ವರ್ಷವಿಡೀ ನೀರು ಮತ್ತು ಕಾಲ್ನಡಿಗೆಯ ದೂರದಲ್ಲಿ ಮಾರುಕಟ್ಟೆ. ಕೆರೆಗಳ ಕೆಳಗೂ ಪೇಟೆಯ ಮಗ್ಗುಲಿಗೂ ತಿಗಳರ ತೋಟಗಳು ನೆಲೆಗೊಂಡದ್ದರ ಹಿಂದೆ ಈ ತರ್ಕವಿದೆ.

ಕಪಿಲೆಯ ಕೆಲಸ ಒಬ್ಬಂಟಿಯಿಂದ ಸಾಗುವಂಥದ್ದಲ್ಲ. ಜೋಡೆತ್ತುಗಳು ಇಳಿಜಾರಿನಲ್ಲಿ ಇಳಿದಾಗ ಗಾಲಿಯ ಮೇಲೆ ಹಾದ ಹಗ್ಗ ತೊಗಲಿನ ಚೀಲವನ್ನು ಬಾವಿಯಿಂದ ಮೇಲೆಳೆಯುತ್ತದೆ. ಎತ್ತು ಹಿಂದೆ ಸರಿದಾಗ ಚೀಲ ಮತ್ತೆ ಬಾವಿಗಿಳಿಯುತ್ತದೆ. ಎತ್ತು ಹೊಡೆಯಲು ಒಬ್ಬರು, ತೋಟದೊಳಗೆ ಮಡಿಯಿಂದ ಮಡಿಗೆ ನೀರು ತಿರುಗಿಸಲು ಮತ್ತೊಬ್ಬರು ಬೇಕು. ಕಳೆ ಕೀಳುವುದು, ಸೊಪ್ಪು ಕಿತ್ತು ಕಂತೆ ಕಟ್ಟುವುದು, ಹೂ ಬಿಡಿಸಿ ಕಟ್ಟುವುದು, ಬುಟ್ಟಿ ಹೊತ್ತು ಮಾರುವುದು ಬೇರೆಯವೇ ಕೆಲಸಗಳು. ಕೂಲಿಯಾಳು ಇಟ್ಟುಕೊಳ್ಳುವಷ್ಟು ಲಾಭವಿಲ್ಲದ ಸಣ್ಣ ಹಿಡುವಳಿಯಲ್ಲಿ ಇವೆಲ್ಲ ಮನೆಯವರ ನಡುವೆಯೇ ಹಂಚಿಕೆಯಾಗಬೇಕು. ಹೀಗಾಗಿ ಇಲ್ಲಿ ‘ಆದ್ಯ ಬೇಸಾಯಗಾರ’ ಎಂಬ ಒಬ್ಬ ವ್ಯಕ್ತಿಯನ್ನು ಹುಡುಕುವುದೇ ತಪ್ಪು ದಾರಿಯಾದೀತು. ಇಲ್ಲಿ ಬೇಸಾಯಗಾರನೆಂದರೆ ಒಂದು ಕುಟುಂಬ. ಅದರ ಸಮಾನ ಪಾಲುಗಾರಳು ಹೆಣ್ಣು. ತೋಟದ ದುಡಿಮೆ ನಗದಾಗುತ್ತಿದ್ದುದು ಬುಟ್ಟಿ ಹೊತ್ತ ಹೆಣ್ಣಿನ ಕೈಯಲ್ಲಿ ಎಂಬುದು ಈ ಬೇಸಾಯದ ಮುಖ್ಯ ಲಕ್ಷಣ.

3. ಕರಗ: ಕುಂಭ, ಕೆರೆ, ಹೆಣ್ಣು

ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗ ಉತ್ಸವವು ಚೈತ್ರ ಮಾಸದಲ್ಲಿ ನಡೆದು ಹುಣ್ಣಿಮೆಯ ರಾತ್ರಿಯ ಮೆರವಣಿಗೆಯಲ್ಲಿ ಪರಾಕಾಷ್ಠೆ ತಲುಪುತ್ತದೆ. ದ್ರೌಪದಿಯು ಇಲ್ಲಿ ಆದಿಶಕ್ತಿ. ತಿಮಿರಾಸುರನ ಸಂಹಾರಕ್ಕಾಗಿ ಅವಳು ಸೃಷ್ಟಿಸಿದ ವೀರಕುಮಾರರ ಸಂತತಿ ತಾವೆಂದು ಸಮುದಾಯ ನಂಬುತ್ತದೆ. ಮಲ್ಲಿಗೆಯಿಂದ ಅಲಂಕೃತವಾದ ಕರಗವನ್ನು ತಲೆಯ ಮೇಲೆ ಹೊರುವ ಪೂಜಾರಿ ಸ್ತ್ರೀವೇಷದಲ್ಲಿರುತ್ತಾನೆ. ಬಿಚ್ಚುಗತ್ತಿ ಹಿಡಿದ ವೀರಕುಮಾರರು ಅವನನ್ನು ಸುತ್ತುವರಿದು ಸಾಗುತ್ತಾರೆ. ಮೆರವಣಿಗೆಯು ಪೇಟೆಬೀದಿಗಳಲ್ಲಿ ಸಾಗಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿಯಿತ್ತು, ಮುಂಜಾನೆ ದೇವಾಲಯಕ್ಕೆ ಮರಳುತ್ತದೆ.

ಇದನ್ನು ದ್ರೌಪದಿ ಆರಾಧನೆಯ ಒಂದು ಪ್ರಾದೇಶಿಕ ರೂಪವೆಂದು ಓದುವ ಕ್ರಮವಿದೆ, ಅದು ಸರಿಯಾದುದೇ. ಉತ್ತರ ತಮಿಳುನಾಡಿನ ದ್ರೌಪದಿಯಮ್ಮನ ಉತ್ಸವಗಳಲ್ಲಿಯೂ ಕರಗವಿದೆ. ಆದರೆ ಅಲ್ಲಿ ಕೆಂಡ ಹಾಯುವ ಸೇವೆಗೆ ಪ್ರಾಧಾನ್ಯ. ಬೆಂಗಳೂರಿನಲ್ಲಿ ಬೆಂಕಿಗಿಂತ ಕುಂಭ ಮತ್ತು ಕೆರೆಗಳು ಮುನ್ನೆಲೆಗೆ ಬಂದಿವೆ. ಹುಣ್ಣಿಮೆಗೆ ಮೊದಲು ನಡೆಯುವ ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯ ನೆಲೆಯೇ ಬೇಕು. ‘ಹಸಿ’ ಎಂಬ ವಿಶೇಷಣದಲ್ಲಿ ಸುಡದ ಮಣ್ಣಿನ, ಆರದ ತೇವದ ಅರ್ಥಗಳಿವೆ. ನೀರು ತುಂಬಿದ ಮಣ್ಣು, ಅದರ ಮೇಲೆ ಹೂವು, ಅದನ್ನು ತಲೆಯ ಮೇಲೆ ಹೊತ್ತು ಪೇಟೆಬೀದಿಯಲ್ಲಿ ಸಾಗುವ ಹೆಣ್ಣಿನ ರೂಪ: ಇವು ತೋಟಗಾರ ಕುಟುಂಬದ ದಿನನಿತ್ಯದ ಕ್ರಿಯೆಗಳನ್ನು ಹೋಲುತ್ತವೆ. ಈ ಹೋಲಿಕೆಯನ್ನು ಕಾರ್ಯಕಾರಣ ಸಂಬಂಧವೆಂದು ಸಾಧಿಸಲಾಗದು. ಆದರೆ ಕೆರೆಯನ್ನು ನಂಬಿ ಬದುಕಿದವರ ಆಚರಣೆ ಕೆರೆಯನ್ನೇ ಕೇಂದ್ರವಾಗಿಸಿಕೊಂಡದ್ದು ಆಕಸ್ಮಿಕವೂ ಅಲ್ಲ.

ಇಲ್ಲಿ ಗಮನಿಸಬೇಕಾದ ಒಂದು ವೈರುಧ್ಯವಿದೆ. ಕರಗ ಹೊರುವಾತ ತನ್ನ ಪತ್ನಿಯ ಮಾಂಗಲ್ಯ, ಬಳೆಗಳನ್ನು ತಾನು ಧರಿಸುತ್ತಾನೆ. ಆ ಅವಧಿಯಲ್ಲಿ ಪತ್ನಿ ಅವನ ಕಣ್ಣಿಗೆ ಬೀಳದಂತೆ ಮರೆಯಲ್ಲಿರಬೇಕು. ಹೆಣ್ಣಿನ ಶಕ್ತಿಯನ್ನು ಕೊಂಡಾಡುವ ಆಚರಣೆಯಲ್ಲಿ ಆ ಮನೆಯ ಹೆಣ್ಣು ಕಾಣಿಸುವುದಿಲ್ಲ. ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣೆದುರಿದ್ದವಳು ಉತ್ಸವದ ಬೀದಿಯಲ್ಲಿ ಒಡವೆಯಾಗಿ ಮಾತ್ರ ಇರುತ್ತಾಳೆ. ಹಾಗೆಯೇ ಸಮುದಾಯದ ಆತ್ಮಕಥನದಲ್ಲಿ ವೀರಕುಮಾರನ ಕತ್ತಿ ಮುಂದೆ ಬಂದು ತೋಟಗಾರನ ಗುದ್ದಲಿ ಹಿಂದೆ ಸರಿದಿದೆ. ಕೆಳಗಿನ ಸ್ಥಾನಕ್ಕೆ ತಳ್ಳಲ್ಪಟ್ಟ ಶ್ರಮಜೀವಿ ಸಮುದಾಯಗಳು ಕ್ಷತ್ರಿಯ ಅನನ್ಯತೆಯ ಮೂಲಕ ಘನತೆಯನ್ನು ಪಡೆಯಲು ಯತ್ನಿಸಿದ ವಸಾಹತುಕಾಲೀನ ಸಂದರ್ಭದಲ್ಲಿ ಇದನ್ನು ಅರ್ಥಮಾಡಿಕೊಳ್ಳಬೇಕು. ಆ ಯತ್ನ ನ್ಯಾಯವಾದುದೇ. ಆದರೆ ಅದರ ಬೆಲೆಯಾಗಿ ಬೇಸಾಯದ ನೆನಪು ಮಸುಕಾಗಿದೆ.

4. ಕೆರೆ ಅಳಿದ ಮೇಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯ ನೀರು ನಗರಕ್ಕೆ ಬಂದಿತು. ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆಗಳು ನಗರದ ಕಣ್ಣಿಗೆ ಬರಿಯ ನಿವೇಶನಗಳಾದವು. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆಯ ಜಾಗದಲ್ಲಿ 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಬಂದು, ಕರಗದ ವಿಧಿಗಾಗಿ ಒಂದು ಸಣ್ಣ ಕೊಳ ಮಾತ್ರ ಉಳಿಯಿತು.

ಈ ಕೊನೆಯ ಸಂಗತಿ ಅರ್ಥಪೂರ್ಣವಾದುದು. ಕೆರೆಯ ಮೇಲೆ ಸಮುದಾಯಕ್ಕೆ ಎರಡು ಬಗೆಯ ಹಕ್ಕುಗಳಿದ್ದವು: ತೋಟಕ್ಕೆ ನೀರು ಪಡೆಯುವ ಹಕ್ಕು ಮತ್ತು ದೇವತೆಯನ್ನು ಕರೆತರುವ ಹಕ್ಕು. ಆಧುನಿಕ ನಗರವು ಎರಡನೆಯದನ್ನು ಮನ್ನಿಸಿ ಒಂದು ಕೊಳವನ್ನು ಬಿಟ್ಟುಕೊಟ್ಟಿತು, ಮೊದಲನೆಯದನ್ನು ಕೈಬಿಟ್ಟಿತು. ಧಾರ್ಮಿಕ ಹಕ್ಕು ಪರಂಪರೆಯೆನಿಸಿತು. ದುಡಿಮೆಯ ಹಕ್ಕು ದಾಖಲೆಯಲ್ಲೂ ಉಳಿಯಲಿಲ್ಲ. ಕರಗವನ್ನು ನಗರದ ನೆನಪಿನ ಭೂಪಟವಾಗಿ ಓದಿದ ಸ್ಮೃತಿ ಶ್ರೀನಿವಾಸ್ ಅವರ 2001ರ ಅಧ್ಯಯನವು ಮೆರವಣಿಗೆಯ ಹಾದಿಯಲ್ಲಿ ಅಳಿದ ಕೆರೆ, ತೋಟಗಳು ಹೇಗೆ ಮತ್ತೆ ನೆನಪಿಗೆ ಬರುತ್ತವೆಂಬುದನ್ನು ತೋರಿಸಿಕೊಟ್ಟಿದೆ. ಅದನ್ನು ಮುಂದುವರಿಸಿ, ಆ ತೋಟಗಳಲ್ಲಿ ದುಡಿದ ಕುಟುಂಬಗಳತ್ತ ಹೊರಳುವುದು ಕನ್ನಡ ಅಧ್ಯಯನಗಳ ಮುಂದಿರುವ ಕೆಲಸ.

ಸಮಾರೋಪ

ಒಟ್ಟಾರೆಯಾಗಿ, ಬೆಂಗಳೂರು ಪೇಟೆಯ ಆದ್ಯ ತೋಟಗಾರರ ಚರಿತ್ರೆಯನ್ನು ಸರ್ಕಾರಿ ಬರಹಗಳಿಂದಲೇ ಕಟ್ಟಲಾಗದು. ಅವು ಕೌಶಲವನ್ನು ಹೆಸರಿಸಿ ಕುಟುಂಬವನ್ನು ಬಿಟ್ಟಿವೆ. ಕರಗದಿಂದಲೂ ಕಟ್ಟಲಾಗದು, ಅದು ಹೆಣ್ಣನ್ನು ದೇವತೆಯಾಗಿಸಿ ದುಡಿಮೆಗಾರ್ತಿಯನ್ನು ಮರೆಗೆ ಸರಿಸಿದೆ. ಕಂದಾಯ ಕಡತಗಳು, ಹಳೆಯ ನಕಾಶೆಗಳು, ಉತ್ಸವದ ವಿಧಿವಿಧಾನಗಳು, ತೋಟ ಮಾರುಕಟ್ಟೆಗಳ ನೆನಪುಳ್ಳ ಹಿರಿಯ ಹೆಣ್ಣುಮಕ್ಕಳ ಮೌಖಿಕ ನಿರೂಪಣೆಗಳು, ಈ ನಾಲ್ಕನ್ನೂ ಎದುರುಬದುರಿಟ್ಟು ಓದಬೇಕಾಗಿದೆ. ಕಡತ ನಕಾಶೆಗಳು ಇನ್ನಷ್ಟು ಕಾಲ ಕಾದಾವು, ಕರಗವು ಪ್ರತಿವರ್ಷ ಹೊರಟೀತು. ಬುಟ್ಟಿ ಹೊತ್ತು ನಡೆದವರ ನೆನಪಿಗೆ ಮಾತ್ರ ಅಷ್ಟು ಆಯುಷ್ಯವಿಲ್ಲ. ಆದುದರಿಂದ ಈ ಸಂಗ್ರಹಕಾರ್ಯವು ಅಲ್ಲಿಂದಲೇ ಆರಂಭವಾಗುವುದು ಉಚಿತ.