ಮೂರನೇ ಔಷಧಿ

2014ರಲ್ಲಿ ನಾನೊಂದು ಜೀಪು ಕೊಂಡೆ. ಜೀಪು ಹಳೆಯದು, ಸಾಲ ಹೊಸದು. ಆ ವರ್ಷ ರಾಶಿ ಅಡಿಕೆ ಕ್ವಿಂಟಲ್‌ಗೆ 60 ಸಾವಿರ ದಾಟಿ ಇನ್ನೂ ಮೇಲೇರುತ್ತಿತ್ತು. ಕೊಪ್ಪದ ಪೇಟೆಯಲ್ಲಿ ಯಾರು ಸಿಕ್ಕಿದರೂ ಒಂದೇ ಮಾತು: ‘ಲಕ್ಷ ಆಗ್ತದೆ ಮಾರಾಯ್ರೆ, ಈಗ ಕೊಡಬೇಡಿ.’ ನಾನು ಕೊಡಲಿಲ್ಲ. 9 ಕ್ವಿಂಟಲ್ ಗೋದಾಮಿನಲ್ಲಿಟ್ಟೆ. ಅದನ್ನು ಮಾರಿದಾಗ ಬರಬಹುದಾದ ದುಡ್ಡನ್ನು ನಂಬಿ ಜೀಪಿನ ಕಂತಿಗೆ ಸಹಿ ಹಾಕಿದೆ. ಕಂತು ತಿಂಗಳಿಗೊಮ್ಮೆ ಬರುತ್ತಿತ್ತು, ಅಡಿಕೆ ವರ್ಷಕ್ಕೊಮ್ಮೆ. ಕೊನೆಗೆ ದರ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಮಗಳ ಕಾಲೇಜು ಫೀಸಿಗೆಂದು ಆ ಚೀಲಗಳನ್ನು ಮಾರಿದೆ. ಅವುಗಳ ಹಿಂದೆಯೇ ಜೀಪೂ ಹೋಯಿತು.

ಆಸೆಗೆ ಬಿದ್ದು ಕೆಟ್ಟೆ ಅಂತ ಬಹಳ ದಿನ ನನ್ನನ್ನೇ ಬೈದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆಸೆ ಎಲ್ಲರಿಗೂ ಇತ್ತು. ನಾನು ತಪ್ಪಿದ್ದು ಊರಿನ ಸ್ಥಿತಿ ಓದುವುದರಲ್ಲಿ. ದರದ ಹಲಗೆ ನೋಡಿದೆ, ರಸ್ತೆಯಲ್ಲಿ ಓಡುವ ಹೊಸ ಕಾರು ನೋಡಿದೆ, ಗೃಹಪ್ರವೇಶದ ಊಟ ಉಂಡೆ. ಕಣ್ಣಿಗೆ ಬೀಳುವ ಖರ್ಚೆಲ್ಲ ಹೋದ ವರ್ಷದ ಫಸಲಿನ ಸುದ್ದಿ. ಬರುವ ವರ್ಷದ ಸುದ್ದಿ ಬೇಕಾದರೆ ಜನ ಯಾವ ಖರ್ಚನ್ನು ಸದ್ದಿಲ್ಲದೆ ಮುಂದೂಡುತ್ತಿದ್ದಾರೆ ಅಂತ ನೋಡಬೇಕು. ಇದು ನನಗೆ ಅರ್ಥವಾಗಲು ಒಂದು ಜೀಪಿನಷ್ಟು ದುಡ್ಡು ಬೇಕಾಯಿತು.

ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪಾನ್ ಗಂಡಸರ ಒಳಚಡ್ಡಿಯ ಮಾರಾಟದ ಮೇಲೆ ಕಣ್ಣಿಡುತ್ತಿದ್ದರಂತೆ. ಕೈ ಬಿಗಿಯಾದಾಗ ಯಾರ ಕಣ್ಣಿಗೂ ಬೀಳದ ಆ ಖರ್ಚನ್ನೇ ಜನ ಮೊದಲು ತಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ನಮ್ಮ ಮಲೆನಾಡಿನಲ್ಲೂ ಅಂಥ ಖರ್ಚುಗಳಿವೆ. ಮಳೆಗೆ ಮುಂಚೆ ಮಾಡಿಗೆ ಹತ್ತಿ ಹೆಂಚು ಕೈಯಾಡಿಸುವುದು. ತೋಟದಲ್ಲಿ ನಾವು ಕಪ್ಪು ಎನ್ನುವ ಬಸಿಗಾಲುವೆಯ ಹೂಳು ತೆಗೆಸುವುದು. ಮರದ ಬುಡಕ್ಕೆ ಹೊಸ ಮಣ್ಣು ಕೊಡುವುದು. ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದು. ಇವನ್ನೆಲ್ಲ ‘ಬರೋ ವರ್ಷ ನೋಡಿದ್ರಾಯ್ತು’ ಅನ್ನಬಹುದು. ಹಾಗೆಂದಾಗ ನೆಂಟರಿಗಾಗಲಿ ನೆರೆಯವರಿಗಾಗಲಿ ಏನೂ ಗೊತ್ತಾಗುವುದಿಲ್ಲ.

ಇವೆಲ್ಲಕ್ಕಿಂತ ಖಚಿತವಾದ ಗುರುತು ಮೂರನೇ ಔಷಧಿ.

ಅಡಿಕೆ ಬೆಳೆಯದವರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆ ಕಾಯಿ ಕೊಳೆತು ಉದುರುತ್ತದೆ. ಹಿಂದಿನವರು ಕೊನೆಗಳಿಗೆ, ಅಂದರೆ ಅಡಿಕೆಯ ಗೊಂಚಲುಗಳಿಗೆ, ಕೊಟ್ಟೆಯ ಹೊದಿಕೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ಅದರ ವಿವರ ಪ್ರಕಟಿಸಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅವರ ಕಾಲದಲ್ಲಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟು ವರ್ಷವಾದರೂ ನಮ್ಮ ಮನೆಯ ಅಳತೆ ಅದೇ. ಮಳೆ ಹಿಡಿಯುವಾಗ ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ ಹೊಡೆಸುತ್ತೇವೆ. ಮಳೆ ಬಿಡದೆ ಹಿಡಿದ ವರ್ಷ ಮೂರನೆಯದೂ ಬೇಕು. ಮೊದಲೆರಡನ್ನು ಯಾರೂ ತಪ್ಪಿಸುವುದಿಲ್ಲ. ಮೂರನೆಯದನ್ನು ಹೊಡೆಸಬೇಕೋ ಬೇಡವೋ ಅನ್ನುವುದು ಆಗಸ್ಟ್ ತಿಂಗಳಲ್ಲಿ ಮನೆಯ ಡಬ್ಬಿಯಲ್ಲಿ ಉಳಿದ ದುಡ್ಡಿನ ಮೇಲೆ ನಿಂತಿರುತ್ತದೆ. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಸೇರಿ ನನ್ನ 2 ಎಕರೆಗೆ 10 ಸಾವಿರದ ಆಸುಪಾಸು. ಆಗಸ್ಟ್‌ನಲ್ಲಿ ತಪ್ಪಿದ ಔಷಧಿ ನವೆಂಬರ್ ಹೊತ್ತಿಗೆ ಕೊನೆಯಲ್ಲಿ ಕಾಣುತ್ತದೆ, ಮಾರ್ಚ್‌ನಲ್ಲಿ ಸೊಸೈಟಿಯ ಸಾಲದ ಪುಸ್ತಕದಲ್ಲಿ. ಹಾಗಾಗಿ ಕೊಪ್ಪದ ಗೊಬ್ಬರ-ಔಷಧಿ ಅಂಗಡಿಯ ಆಗಸ್ಟ್ ತಿಂಗಳ ವ್ಯಾಪಾರ ನನ್ನ ಪಾಲಿಗೆ ಯಾವ ಬಜೆಟ್ ಭಾಷಣಕ್ಕೂ ಕಡಿಮೆಯಿಲ್ಲ.

ಸೊಸೈಟಿಯ ವಿಷಯ ನನಗೆ ಗೊತ್ತು. 11 ವರ್ಷ ಅಂಥದ್ದೊಂದರಲ್ಲಿ ಲೆಕ್ಕ ಬರೆದವ ನಾನು. ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023-24ರಿಂದ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಒಳ್ಳೆಯದೇ. ಆದರೆ ವಾಯಿದೆ ತಪ್ಪಿದರೆ ಶೂನ್ಯ ಹೋಗಿ ಬಡ್ಡಿ ಬೀಳುತ್ತದೆ. ಅದಕ್ಕೇ ಮಾರ್ಚ್ ಕೊನೆಯ ವಾರ ಊರಿನಲ್ಲಿ ಕೈಗಡದ ಓಡಾಟ ಜೋರು. ಯಾರಿಂದಲೋ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಎತ್ತಿ, ತಂದವರಿಗೆ ಹಿಂದಿರುಗಿಸುವುದು. ಪುಸ್ತಕದಲ್ಲಿ ವಸೂಲಾತಿ ನೂರಕ್ಕೆ ನೂರು. ಮೇಜಿನ ಈಚೆ ಕೂತಿದ್ದ ನನಗೆ ಮಾತ್ರ ಯಾರು ಅಡಿಕೆ ಮಾರಿ ಕಟ್ಟಿದರು, ಯಾರು ಮೂರು ದಿನದ ಕೈಗಡ ತಂದು ಕಟ್ಟಿದರು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅಡಿಕೆ ದರ ಚೆನ್ನಾಗಿದ್ದ ವರ್ಷವೂ ಕೈಗಡದವರು ಹೆಚ್ಚಾದರೆ, ಬೆಳೆಗೇ ಏನೋ ಆಗಿದೆ ಎಂದು ಅರ್ಥ.

ಶೃಂಗೇರಿ ಕಡೆ ಆಗಿರುವುದು ಇದೇ. ಅಲ್ಲಿನ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಬೀಡುಬಿಟ್ಟಿದೆ. ಮದ್ದಿಲ್ಲದ ರೋಗ. ಮರ ನಿಂತಿರುತ್ತದೆ, ಹಿಂಗಾರವೂ ಬಿಡುತ್ತದೆ, ಕೊನೆಯಲ್ಲಿ ಕಾಯಿ ನಿಲ್ಲುವುದಿಲ್ಲ. ಅದರ ಮೇಲೆ ಈಚಿನ ವರ್ಷಗಳ ಎಲೆಚುಕ್ಕೆ ರೋಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಿಗೆ ಹಬ್ಬಿತು. ನನ್ನದೇ ಲೆಕ್ಕ ಹೇಳುತ್ತೇನೆ. 2016ರ ಸುಮಾರಿಗೆ ನಮ್ಮ ಮನೆಗೆ 14 ಕ್ವಿಂಟಲ್ ಆಗುತ್ತಿತ್ತು. 30 ಸಾವಿರದ ದರಕ್ಕೆ 4 ಲಕ್ಷದ 20 ಸಾವಿರ. 2024ರಲ್ಲಿ ಆದದ್ದು 8 ಕ್ವಿಂಟಲ್. 50 ಸಾವಿರದ ದರ ಸಿಕ್ಕರೂ 4 ಲಕ್ಷ. ದರ 20 ಸಾವಿರ ಏರಿತು, ಆದಾಯ 20 ಸಾವಿರ ಇಳಿಯಿತು. ಈ ನಡುವೆ ಕೊನೆಗಾರರ ಕೂಲಿ, ಸುಲಿಯುವವರ ಕೂಲಿ, ಗೊಬ್ಬರ ಯಾವುದೂ ನಿಂತಲ್ಲಿ ನಿಂತಿಲ್ಲ. ‘ದರ ಹಲಗೆ ಮೇಲಿದೆ, ಅಡಿಕೆ ಅಟ್ಟದ ಮೇಲಿಲ್ಲ’ ಅನ್ನುತ್ತಾಳೆ ನನ್ನ ಹೆಂಡತಿ. ಟಿವಿಯಲ್ಲಿ ಅಡಿಕೆಗೆ ಬಂಪರ್ ಬೆಲೆ ಎಂದು ಬಂದ ದಿನವೇ ಬೆಂಗಳೂರಿನ ನೆಂಟರ ಫೋನು ಬರುತ್ತದೆ. ಅವರಿಗೆ ಗುಣಾಕಾರದ ಒಂದೇ ಅಂಕಿ ಗೊತ್ತಿರುವುದು.

ಶೃಂಗೇರಿಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಆ ಊರಿಗೆ ಎರಡು ಖಾತೆಗಳಿವೆ. ಒಂದು ಶಾರದಾಂಬೆಯ ದರ್ಶನಕ್ಕೆ ಬರುವವರದು, ಇನ್ನೊಂದು ಸುತ್ತಲಿನ ತೋಟದವರದು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಬರುವ ಹೆಂಗಸರ ಸಂಖ್ಯೆ ಏರಿತು. ರಜೆಯ ದಿನ ಭಾರತೀ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋಟೆಲು, ಲಾಡ್ಜು, ಆಟೋ, ಕುಂಕುಮದ ಅಂಗಡಿ ಎಲ್ಲವೂ ಭರ್ತಿ. ಅದನ್ನು ನೋಡಿ ಶೃಂಗೇರಿ ತಾಲ್ಲೂಕು ಸುಖವಾಗಿದೆ ಅಂದರೆ, ಮದುವೆ ಮನೆಯ ಹಂಡೆ ನೋಡಿ ಆ ಮನೆಯ ನಿತ್ಯದ ಅಡುಗೆ ಹೇಳಿದ ಹಾಗೆ. ನಾನು ಅಲ್ಲಿಗೆ ಮಂಗಳವಾರವೋ ಬುಧವಾರವೋ ಹೋಗುತ್ತೇನೆ. ಯಾತ್ರಿಕರು ತೆಳುವಾದ ದಿನ ಬಟ್ಟೆ ಅಂಗಡಿಯಲ್ಲಿ, ಪಾತ್ರೆ ಅಂಗಡಿಯಲ್ಲಿ ಊರವರು ಏನು ಕೊಳ್ಳುತ್ತಿದ್ದಾರೆ ಅಂತ ನೋಡಿದರೆ ಎರಡನೇ ಖಾತೆ ತೆರೆದುಕೊಳ್ಳುತ್ತದೆ.

ನರಸಿಂಹರಾಜಪುರದ ಕಡೆ ಹೋದರೆ ಓದಬೇಕಾದ್ದು ರಬ್ಬರ್ ಮರಕ್ಕೆ ಹಾಲು ಹಿಡಿಯಲು ಕಟ್ಟಿದ ಚಿಪ್ಪನ್ನು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ಜೊತೆ ಅಲ್ಲಿ ರಬ್ಬರ್ ಬೆಳೆಯಿತು. 2011ರಲ್ಲಿ ಕಿಲೋಗೆ 240 ರೂಪಾಯಿಯ ಹತ್ತಿರ ಹೋದ ದರ ಆಮೇಲೆ ಬಿದ್ದು ಹಲವು ವರ್ಷ ಏಳಲಿಲ್ಲ. ಮತ್ತೆ ಆ ಎತ್ತರ ಕಂಡದ್ದು 2024ರಲ್ಲಿ. ದರ ಬಿದ್ದಾಗ ಮರ ಕಡಿಯುವುದಿಲ್ಲ, ಟ್ಯಾಪಿಂಗ್ ನಿಲ್ಲಿಸುತ್ತಾರೆ. ರಸ್ತೆ ಬದಿಯ ತೋಟದಲ್ಲಿ ಚಿಪ್ಪುಗಳು ಬೋರಲಾಗಿ ನೇತಾಡುತ್ತಿದ್ದರೆ, ಹಾಲು ತೆಗೆಯುವವನ ಕೂಲಿ ಹುಟ್ಟುತ್ತಿಲ್ಲ ಎಂದರ್ಥ. ಬಸ್ಸಿನ ಕಿಟಕಿಯಿಂದ ಓದಬಹುದಾದ ವರದಿ ಅದು. ಬಾಳೆಹೊನ್ನೂರು ದಾರಿಯಲ್ಲಿ ಈಚೆಗೆ ಕಾಣುವುದು ಬೇರೆಯೇ ಚಿತ್ರ. ವಿಯೆಟ್ನಾಮಿನ ಬರಗಾಲದ ದೆಸೆಯಿಂದ 2024ರಲ್ಲಿ 50 ಕಿಲೋ ರೊಬಸ್ಟಾ ಚೆರಿ 10 ಸಾವಿರ ದಾಟಿತು. ಎಲ್ಲಿ ನೋಡಿದರೂ ಅಡಿಕೆ ಮರದ ನಡುವೆ ಕಾಫಿ ಗಿಡ. ಕಣದಲ್ಲಿ ಒಣಗಲು ಹರಡಿದ ಕಾಫಿಗೆ ರಾತ್ರಿ ಕಾವಲು. ಕಾಫಿ ಸಂಶೋಧನೆ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಕೊಪ್ಪದಲ್ಲಿ ಪುಟ್ಟದಾಗಿ ಆರಂಭವಾಗಿ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆನಿಂತ ಸಂಶೋಧನಾ ಕೇಂದ್ರವೇ ನಮ್ಮಲ್ಲಿದೆ. ಆದರೂ ನನಗೆ ಕಾಫಿ ಸಸಿಗಳ ಸಾಲು ಕಂಡಾಗ ಜೀಪು ನೆನಪಾಗುತ್ತದೆ. ದರ ನೋಡಿ ನೆಟ್ಟ ಗಿಡ ಫಸಲು ಕೊಡುವ ಹೊತ್ತಿಗೆ ಆ ದರ ಅಲ್ಲೇ ಕಾದು ನಿಂತಿರುವುದಿಲ್ಲ. 2000ದ ಆಚೀಚೆ ಕಾಫಿ ದರ ನೆಲಕಚ್ಚಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಕೆಲವು ಗುರುತುಗಳಿಗೆ ಎರಡು ಮುಖ. ನಮ್ಮ ಮೂರು ತಾಲ್ಲೂಕುಗಳಿಗೆ ರೈಲಿಲ್ಲ, ಬಸ್ಸೇ ಎಲ್ಲ. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಮೂರು ದಶಕ ಇಲ್ಲಿನ ಹಳ್ಳಿಗಳನ್ನು ಪೇಟೆಗೆ ಹೊಲಿದಿತ್ತು. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಊರಿಗೆ ದುಡ್ಡಿಲ್ಲದೆ ಬಸ್ಸು ನಿಂತಿತೇ? ಅಷ್ಟು ಸರಳವಲ್ಲ. ಡೀಸೆಲ್ ಏರಿತು, ನಿಜ. ಅಂಗಳಕ್ಕೊಂದು ಬೈಕು, ಸ್ಕೂಟರು ಬಂದದ್ದೂ ಅಷ್ಟೇ ನಿಜ. ಕೈಯಲ್ಲಿ ಸ್ವಲ್ಪ ದುಡ್ಡಾದವರು ಬಸ್ಸು ಬಿಟ್ಟರು. ಬಸ್ಸು ನಿಂತ ಮೇಲೆ ಗಾಡಿ ಇಲ್ಲದವರು ಆಟೋಗೆ ತೆತ್ತರು. ಖಾಸಗಿ ಬಸ್ಸೇ ಹೆಚ್ಚಿರುವ ನಮ್ಮ ಕಡೆ ಶಕ್ತಿ ಯೋಜನೆಯ ಉಚಿತ ಟಿಕೆಟ್ಟೂ ಅವರಿಗೆ ಅಷ್ಟಾಗಿ ಒದಗಲಿಲ್ಲ. ಊರಿನ ಸರಾಸರಿ ಏರಿದಾಗ ಕೆಳಗಿದ್ದವರ ಖರ್ಚೂ ಏರಬಹುದು ಅನ್ನುವುದನ್ನು ನಾನು ಕಲಿತದ್ದು ಹೀಗೆ.

ಚಿನ್ನವೂ ಹಾಗೆಯೇ. 2025ರಲ್ಲಿ 10 ಗ್ರಾಂ ಚಿನ್ನ ಲಕ್ಷ ದಾಟಿತು. ಅದೇ ಎರಡೆಳೆ ಸರಕ್ಕೆ ಕೆಲವೇ ವರ್ಷದ ಹಿಂದಿನ ದುಪ್ಪಟ್ಟು ಸಾಲ ಸಿಗುತ್ತದೆ. ಸಾಲ ಸಿಕ್ಕಾಗ ಮನಸ್ಸಿಗೆ ಆದಾಯ ಬಂದಂತೆಯೇ ಅನ್ನಿಸುತ್ತದೆ. ಎಷ್ಟು ಜನ ಅಡವಿಟ್ಟರು ಅನ್ನುವುದಕ್ಕಿಂತ, ಅಡಿಕೆ ಮಾರಿದ ಮೇಲೆ ಎಷ್ಟು ಜನ ಬಿಡಿಸಿಕೊಂಡರು, ಎಷ್ಟು ಜನ ಬಡ್ಡಿ ಮಾತ್ರ ಕಟ್ಟಿ ಬಂದರು ಅಂತ ಕೇಳಬೇಕು. ಯುಗಾದಿಯ ನಂತರದ ಮದುವೆಗಳಲ್ಲಿ ಕೊರಳು ನೋಡಿದರೆ ಉತ್ತರ ಅರ್ಧ ಸಿಗುತ್ತದೆ.

ಇದನ್ನೆಲ್ಲ ಓದಿ ನಾನು ಮಾಡಿಕೊಂಡ ಕಟ್ಟಳೆ ನಾಲ್ಕೇ. ಒಂದು, ವರ್ಷದ ಬಜೆಟ್ಟನ್ನು ಇವತ್ತಿನ ದರದ ಮೇಲೆ ಕಟ್ಟುವುದಿಲ್ಲ. ಐದು ವರ್ಷದ ಸರಾಸರಿ ದರವನ್ನು, ಐದು ವರ್ಷದಲ್ಲೇ ಅತಿ ಕಡಿಮೆ ಬಂದ ಫಸಲಿಗೆ ಗುಣಿಸುತ್ತೇನೆ. ಎರಡು, ಅಡಿಕೆಯನ್ನು ಮೂರು ಪಾಲು ಮಾಡಿ ಮೂರು ಸಲ ಮಾರುತ್ತೇನೆ. ಅತಿ ಹೆಚ್ಚಿನ ದರ ನನಗೆ ಯಾವತ್ತೂ ಪೂರ್ತಿ ಸಿಗುವುದಿಲ್ಲ, ಅತಿ ಕಡಿಮೆಯದೂ ಪೂರ್ತಿ ತಟ್ಟುವುದಿಲ್ಲ. ಮೂರು, ವರ್ಷಕ್ಕೊಮ್ಮೆ ಬರುವ ಆದಾಯಕ್ಕೆ ತಿಂಗಳ ಕಂತು ಗಂಟುಹಾಕುವುದಿಲ್ಲ. ಸಾಲ ಬೇಕೇ ಬೇಕಾದರೆ ಫಸಲಿನ ಕಾಲಕ್ಕೆ ತೀರಿಸುವಂಥದ್ದು. ನಾಲ್ಕು, ಮೂರನೇ ಔಷಧಿಯ ದುಡ್ಡನ್ನು ಫೆಬ್ರುವರಿಯಲ್ಲೇ ಒಂದು ಲಕೋಟೆಯಲ್ಲಿ ತೆಗೆದಿಡುತ್ತೇನೆ.

ನಾಲ್ಕನೆಯದನ್ನು ಈ ಸಲ ಮುರಿದೆ. ಮಗಳ ಮದುವೆ ಗೊತ್ತಾಗಿತ್ತು. ಕೊಪ್ಪದ ದೊಡ್ಡ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡಲು ಆ ಲಕೋಟೆಗೆ ಕೈ ಹಾಕಿದೆ. ಆಮೇಲೆ ಔಷಧಿ ಅಂಗಡಿಗೆ ಹೋಗಿ 14 ಕಿಲೋ ಮೈಲುತುತ್ತು ಕೇಳಿದೆ. ಅಂಗಡಿಯವರು ಪುಸ್ತಕದ ಹಿಂದಿನ ಹಾಳೆ ತಿರುವಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

‘14 ಸಾಕಾ? ನಿಮ್ಮದು ಯಾವಾಗ್ಲೂ 20 ಅಲ್ದ?’

‘ಉಳಿದದ್ದು ಆಮೇಲೆ ತಗೊಂಡು ಹೋಗ್ತೇನೆ’ ಅಂದೆ. ಅವರು ಏನೂ ಹೇಳಲಿಲ್ಲ. ನನ್ನ ಹೆಸರಿನ ಮುಂದೆ 14 ಎಂದು ಬರೆದರು. ಆ ಪುಟದಲ್ಲಿ ಅಂಥ ಕಡಿತಗಳು ಇನ್ನೂ ಕೆಲವಿದ್ದವು. ಇಷ್ಟು ವರ್ಷ ಊರವರ ಗುರುತು ಓದುತ್ತ ಬಂದವನು, ಅವತ್ತು ಇನ್ನೊಬ್ಬರ ಪುಸ್ತಕದಲ್ಲಿ ನಾನೂ ಒಂದು ಗುರುತಾಗಿ ಕೂತಿದ್ದೆ.

ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮಂಟಪದವರಿಗೆ ಫೋನು ಮಾಡಿ, ಮೇಲಿನ ಸಣ್ಣ ಹಾಲ್ ಆ ದಿನ ಖಾಲಿ ಇದೆಯಾ ಅಂತ ಕೇಳಿದೆ. ಇತ್ತು. ಹಿಂತಿರುಗಿ ಬಂದಾಗ ಅಂಗಡಿಯವರು ತಕ್ಕಡಿ ಇನ್ನೂ ಎತ್ತಿಟ್ಟಿರಲಿಲ್ಲ.