ಮುಪ್ಪಿನ ಸ್ನಾಯುಗಳೂ ನೀರಿನ ಪ್ರತಿರೋಧವೂ

ಬಾವಿಯಿಂದ ನೀರು ಸೇದಿದವರೆಲ್ಲರಿಗೂ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ಕೊಡವು ನೀರಿನೊಳಗೆ ಮುಳುಗಿರುವ ತನಕ ಹಗುರ. ನೀರಿನ ಮಟ್ಟದಿಂದ ಮೇಲೆದ್ದೊಡನೆಯೇ ಭಾರ. ಆರ್ಕಿಮಿಡೀಸನ ತತ್ತ್ವಕ್ಕೆ ನಾವೆಲ್ಲರೂ ಬಲ್ಲ ಉದಾಹರಣೆಯಿದು. ಇದೇ ತತ್ತ್ವವು ವೃದ್ಧರ ಸೊರಗಿದ ಕಾಲುಗಳಿಗೆ ಬಲ ತುಂಬುವ ಕಾರ್ಯದಲ್ಲಿಯೂ ನೆರವಾಗುತ್ತದೆ. ಅದು ಹೇಗೆಂಬುದನ್ನು ವಿಚಾರ ಮಾಡೋಣ.

ಮನುಷ್ಯನ ಸ್ನಾಯುಗಳು ನಡುವಯಸ್ಸಿನಿಂದಲೇ ಮೆಲ್ಲಮೆಲ್ಲನೆ ಕುಗ್ಗತೊಡಗುತ್ತವೆ. ಅರವತ್ತು ದಾಟಿದ ಮೇಲೆ ಈ ಇಳಿತವು ಚುರುಕಾಗುತ್ತದೆ. ಸ್ನಾಯುವಿನ ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆಯುಂಟು: ನಿಧಾನವಾಗಿ ಸಂಕೋಚಿಸಿ ಬಹುಕಾಲ ದುಡಿಯುವಂಥವು ಮತ್ತು ಥಟ್ಟನೆ ಸಂಕೋಚಿಸಿ ಹೆಚ್ಚು ಬಲ ಬೀರುವಂಥವು. ಮುಪ್ಪಿನಲ್ಲಿ ಹೆಚ್ಚಾಗಿ ಸೊರಗುವುವು ಎರಡನೆಯ ಬಗೆಯವು. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು ಈ ಸ್ಥಿತಿಗೆ ‘ಸಾರ್ಕೊಪೀನಿಯ’ ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಮೂಲದ ಈ ಪದಕ್ಕೆ ಮಾಂಸದ ಕೊರತೆ ಎಂದರ್ಥ. ನೆಲದ ಮೇಲೆ ಕುಳಿತ ಅಜ್ಜಿ ಆಸರೆಯಿಲ್ಲದೆ ಏಳಲಾರದಾಗುವುದು, ಎಡವಿದ ಅಜ್ಜ ಸಾವರಿಸಿಕೊಳ್ಳುವ ಮೊದಲೇ ಬಿದ್ದು ಮೂಳೆ ಮುರಿದುಕೊಳ್ಳುವುದು, ಇವುಗಳ ಹಿಂದೆ ಅನೇಕ ವೇಳೆ ಈ ಕೊರತೆಯೇ ಇರುತ್ತದೆ.

ಸ್ನಾಯುವು ಬೆಳೆಯಬೇಕಾದರೆ ಅದು ಯಾವುದಾದರೊಂದು ಬಲವನ್ನು ಎದುರಿಸಿ ದುಡಿಯಲೇಬೇಕು. ಆದರೆ ಮಂಡಿ ನೋಯುವವರಿಗೆ ದೇಹದ ಭಾರವನ್ನು ಹೊತ್ತು ವ್ಯಾಯಾಮ ಮಾಡುವುದೇ ಕಷ್ಟ. ನೋವಿನಿಂದ ಚಲನೆ ತಗ್ಗುತ್ತದೆ. ಚಲನೆ ತಗ್ಗಿದಷ್ಟೂ ಸ್ನಾಯು ಕರಗುತ್ತದೆ. ನೀರು ಮೊದಲು ನೆರವಾಗುವುದು ಇಲ್ಲಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತವನ ಪಾದಗಳ ಮೇಲೆ ಬೀಳುವ ಭಾರವು ಸುಮಾರು ಅರ್ಧಕ್ಕಿಳಿಯುತ್ತದೆ. ಎದೆಯ ಮಟ್ಟದಲ್ಲಿ ಮೂರರಲ್ಲೊಂದು ಪಾಲಿಗೆ, ಕತ್ತಿನ ಮಟ್ಟದಲ್ಲಿ ಹತ್ತರಲ್ಲೊಂದು ಪಾಲಿಗೆ. 60 ಕಿಲೋಗ್ರಾಂ ತೂಗುವ ವೃದ್ಧನು ಎದೆಮಟ್ಟದ ನೀರಿನಲ್ಲಿ ಹೊರಬೇಕಾದುದು ಸುಮಾರು 20 ಕಿಲೋಗ್ರಾಂ ಮಾತ್ರ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯು ಒಂದು ಆಕ್ಷೇಪವೆತ್ತಬಹುದು: ಭಾರವೇ ಇಲ್ಲದ ಮೇಲೆ ಸ್ನಾಯುವಿಗೆ ದುಡಿಮೆಯೆಲ್ಲಿಂದ ಬಂತು? ಪ್ರಶ್ನೆ ಯುಕ್ತವಾದುದೇ. ಉತ್ತರವು ನೀರಿನ ಪ್ರತಿರೋಧದಲ್ಲಿದೆ. ನೀರಿನ ಸಾಂದ್ರತೆಯು ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ನೀರಿನೊಳಗೆ ಚಲಿಸುವ ಅಂಗವು ಎದುರಿನ ನೀರನ್ನು ತಳ್ಳಿಕೊಂಡೇ ಮುಂದುವರಿಯಬೇಕು. ಇಂತಹ ಚಲನೆಯಲ್ಲಿ ಪ್ರತಿರೋಧವು ಎದುರೊಡ್ಡಿದ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಸಿದರೆ ಪ್ರತಿರೋಧ ನಾಲ್ಮಡಿಸುತ್ತದೆ.

20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಒಂದು ಹಲಗೆಯನ್ನು ನೀರಿನೊಳಗೆ ಅಡ್ಡಲಾಗಿ ಹಿಡಿದು ತಳ್ಳುವೆವೆನ್ನೋಣ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಅದು ಒಡ್ಡುವ ಪ್ರತಿರೋಧವು ಸುಮಾರು 450 ಗ್ರಾಂ ತೂಕಕ್ಕೆ ಸಮ. ಒಂದು ಮೀಟರ್ ವೇಗದಲ್ಲಿ ಸುಮಾರು 1.8 ಕಿಲೋಗ್ರಾಂ, ಎರಡು ಮೀಟರ್ ವೇಗದಲ್ಲಿ ಸುಮಾರು 7 ಕಿಲೋಗ್ರಾಂ! ವಾಚಕರು ತೊಟ್ಟಿಯ ನೀರಿನಲ್ಲಿ ಅಂಗೈಯನ್ನು ಮೊದಲು ಅಂಚಿನ ಕಡೆಯಿಂದಲೂ ಬಳಿಕ ಅಗಲವಾಗಿಯೂ, ಮೊದಲು ನಿಧಾನವಾಗಿಯೂ ಬಳಿಕ ವೇಗವಾಗಿಯೂ ಆಡಿಸಿ ಈ ನಿಯಮವನ್ನು ತಾವೇ ಪರೀಕ್ಷಿಸಬಹುದು.

ಈ ಪ್ರತಿರೋಧದ ಗುಣವೆಂದರೆ, ಅದನ್ನು ಅಳೆದು ಕೊಡುವವನು ವ್ಯಾಯಾಮ ಮಾಡುವವನೇ. ಬಲವಿದ್ದಷ್ಟು ವೇಗ, ವೇಗವಿದ್ದಷ್ಟು ಪ್ರತಿರೋಧ. ದಣಿದು ಅಂಗವನ್ನು ನಿಲ್ಲಿಸಿದೊಡನೆ ಪ್ರತಿರೋಧವೂ ಇಲ್ಲವಾಗುತ್ತದೆ. ಕೈತಪ್ಪಿ ಕಾಲಿನ ಮೇಲೆ ಬೀಳುವ ಗುಂಡು ಇಲ್ಲಿಲ್ಲ. ಪ್ರತಿರೋಧವು ಯಾವಾಗಲೂ ಚಲನೆಗೆ ಎದುರಾಗಿರುವುದರಿಂದ, ಮಂಡಿಯನ್ನು ಮಡಿಸುವಾಗ ತೊಡೆಯ ಹಿಂಭಾಗದ ಸ್ನಾಯುಗಳೂ ಚಾಚುವಾಗ ಮುಂಭಾಗದವೂ ಸರದಿಯಂತೆ ದುಡಿಯುತ್ತವೆ. ಕಾಲು ತಪ್ಪಿದರೂ ದೇಹವು ನಿಧಾನವಾಗಿ ವಾಲುವುದರಿಂದ ಸಾವರಿಸಿಕೊಳ್ಳಲು ಅವಕಾಶವುಂಟು. ಬೀಳುವ ಭಯದಿಂದ ಹೆಜ್ಜೆಯಿಡಲು ಹಿಂಜರಿಯುವವರಿಗೆ ಇದು ಸಣ್ಣ ಲಾಭವಲ್ಲ.

ಎಚ್ಚರಿಕೆಯೂ ಅವಶ್ಯ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡವು ಸುಮಾರು 74 ಮಿಲಿಮೀಟರ್ ಪಾದರಸಕ್ಕೆ ಸಮ. ಇದು ಕಾಲುಗಳ ರಕ್ತವನ್ನು ಎದೆಯ ಕಡೆಗೆ ತಳ್ಳುವುದರಿಂದ ಹೃದಯದ ಕೆಲಸ ಹೆಚ್ಚುತ್ತದೆ. ಹೃದ್ರೋಗವುಳ್ಳವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ನೀರು ಗಾಳಿಗಿಂತ ಬಹು ಬೇಗ ದೇಹದ ಶಾಖವನ್ನು ಸೆಳೆಯುವುದರಿಂದ ಅದು ಉಗುರುಬೆಚ್ಚಗಿರುವುದು ಲೇಸು. ಜಾರುವ ಮೆಟ್ಟಿಲುಗಳ ಕೆರೆಬಾವಿಗಳು ಈ ಕಾರ್ಯಕ್ಕೆ ತಕ್ಕವಲ್ಲ. ಹಿಡಿಗಂಬಿಯಿರುವ ಕೊಳವೂ ಜೊತೆಗೊಬ್ಬರೂ ಇರಬೇಕು.

ಇಷ್ಟರಿಂದ ಎರಡು ಮಾತುಗಳು ಸಿದ್ಧಪಡುತ್ತವೆ. ನೀರಿನಲ್ಲಿ ಸುಮ್ಮನೆ ನಿಂತವನಿಗೆ ದೊರೆಯುವುದು ಹಗುರತನದ ಸುಖ ಮಾತ್ರ. ಸ್ನಾಯುವಿಗೆ ಲಾಭವಾಗಬೇಕಾದರೆ ನೀರನ್ನು ತಳ್ಳಬೇಕು, ದಿನಗಳೆದಂತೆ ಹೆಚ್ಚು ವೇಗದಿಂದ ತಳ್ಳಬೇಕು. ಎರಡನೆಯದಾಗಿ, ನಾವು ಬಾಳುವುದು ನೆಲದ ಮೇಲೆ. ಕುರ್ಚಿಯಿಂದ ಏಳುವಾಗ ನಮ್ಮ ಪೂರ್ಣ ಭಾರವನ್ನು ನಾವೇ ಎತ್ತಬೇಕು. ಅದನ್ನು ನೀರು ಕಲಿಸಲಾರದು. ಆದುದರಿಂದ ನೀರಿನ ವ್ಯಾಯಾಮವನ್ನು ನೆಲದ ವ್ಯಾಯಾಮಕ್ಕೆ ಸೇತುವೆಯೆಂದು ತಿಳಿಯುವುದು ಯುಕ್ತ. ಕೊಳವಿಲ್ಲದ ಊರಿನಲ್ಲಿ ಗೋಡೆಗೊರಗಿಸಿದ ಗಟ್ಟಿಯಾದ ಕುರ್ಚಿಯೊಂದಿದ್ದರೂ ಆರಂಭಕ್ಕೆ ಸಾಕು. ಅದರಿಂದ ದಿನಕ್ಕೆ ಹಲವು ಬಾರಿ ಎದ್ದು ಕೂರುವ ಅಭ್ಯಾಸವನ್ನು ಮನೆಯ ಹಿರಿಯರಿಗೆ ಹೇಳಿಕೊಟ್ಟು, ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಕೆಲಸವನ್ನು ವಿದ್ಯಾರ್ಥಿಗಳು ಇಂದೇ ಕೈಗೊಳ್ಳಬಹುದು.