ಹಳೆ ಸಾಮಾನು, ಹೊಸ ಮಾತು: ಆನ್‌ಲೈನ್ ಜಾಹೀರಾತು ಓದುವ ಪಾಠ

ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವುದು ಕೀಳಲ್ಲ. ಒಂದು ಮನೆಯಲ್ಲಿ ಧೂಳು ಹಿಡಿದು ಬಿದ್ದಿರುವ ಹೊಲಿಗೆ ಮಿಷನ್ ಇನ್ನೊಂದು ಮನೆಗೆ ಅನ್ನ ಕೊಡಬಹುದು. ನಾವು ಸಂಘಗಳ ಸಭೆಗೆ ಹೋದಾಗ ಸಾಲದ ಅರ್ಜಿಗಳಲ್ಲಿ ಈಗ ಹೆಚ್ಚಾಗಿ ಕಾಣುವುದೂ ಇಂಥವೇ: ಹಳೆ ಸ್ಕೂಟರ್, ಹಳೆ ಫ್ರಿಜ್, ಪವರ್ ಮಿಷನ್, ಮಗಳ ಓದಿಗೆ ಒಂದು ಫೋನು. ಮೊದಲು ಇವನ್ನು ಪರಿಚಯದವರ ಹತ್ತಿರ ಕೊಳ್ಳುತ್ತಿದ್ದೆವು. ಈಗ ಓಎಲ್ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗುಂಪುಗಳಲ್ಲಿ ನೋಡಿ ಕೊಳ್ಳುತ್ತೇವೆ. ಮಾರುವವರು ಯಾರೋ, ಯಾವ ಊರೋ ಗೊತ್ತಿರುವುದಿಲ್ಲ. ನಮ್ಮ ಮುಂದೆ ಇರುವುದು ನಾಲ್ಕು ಫೋಟೋ ಮತ್ತು ನಾಲ್ಕು ಸಾಲು ಮಾತು. ಆ ಮಾತನ್ನು ಹೇಗೆ ಓದಬೇಕು ಎಂಬುದೇ ಈ ಪಾಠ.

ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾರುವವನ ಮಾತು ಕೇಳುತ್ತಿದ್ದರು, ಆದರೆ ಬಾಯಿ ತೆರೆಸಿ ಹಲ್ಲು ನೋಡದೆ ಹಣ ಬಿಚ್ಚುತ್ತಿರಲಿಲ್ಲ. ಕೆಚ್ಚಲು ತುಂಬಿ ಕಾಣಲಿ ಅಂತ ಬೆಳಿಗ್ಗೆ ಹಾಲು ಕರೆಯದೆ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಬರುವವರೂ ಆಗ ಇದ್ದರು. ಆದ್ದರಿಂದ ಮೋಸದ ಮಾತು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ. ಹಲ್ಲು ನೋಡುವ ಅವಕಾಶ ಮಾತ್ರ ಈಗ ಕಡಿಮೆಯಾಗಿದೆ. ನೀರೊಳಗಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ ನಮ್ಮ ವ್ಯಾಪಾರ.

ಮಾರುವವರು ಯಾಕೆ ಹೀಗೆ ಬರೆಯುತ್ತಾರೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಈ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅವರು ಹೇಳಿದ್ದು ಸರಳ. ಸಾಮಾನಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯದ ಕಾರಣ ಕೊಳ್ಳುವವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆಗ ಒಳ್ಳೆ ಗಾಡಿ ಇರುವವನು "ಈ ಬೆಲೆಗೆ ಯಾಕೆ ಕೊಡಲಿ" ಅಂತ ಹಿಂದೆ ಸರಿಯುತ್ತಾನೆ, ಕೆಟ್ಟದ್ದು ಇರುವವನು ಉಳಿಯುತ್ತಾನೆ. ಹೀಗೆ ನಂಬಿಕೆ ಕಡಿಮೆಯಾದಷ್ಟೂ ಜಾಹೀರಾತಿನಲ್ಲಿ ಹೊಗಳಿಕೆ ಜಾಸ್ತಿಯಾಗುತ್ತದೆ.

ಜಾಹೀರಾತಿನ ಮಾತುಗಳನ್ನು ನಾವು ಸಭೆಗಳಲ್ಲಿ ಎರಡು ಗುಂಪು ಮಾಡಿ ತೋರಿಸುತ್ತೇವೆ. ಒಂದು ಹೊಗಳಿಕೆ ಮಾತು, ಇನ್ನೊಂದು ಲೆಕ್ಕದ ಮಾತು. "ಸೂಪರ್ ಕಂಡೀಷನ್", "ಹೊಸದರ ಹಾಗೇ ಇದೆ", "ನೀಟಾಗಿ ಬಳಸಿದ್ದು" ಇವು ಹೊಗಳಿಕೆ. ನಾಳೆ ಮಿಷನ್ ಕೆಟ್ಟರೆ "ನನ್ನ ಕಣ್ಣಿಗೆ ಚೆನ್ನಾಗೇ ಇತ್ತು" ಅಂದರೆ ಮುಗಿಯಿತು. "2019ರ ಮಾಡೆಲ್", "ಮೋಟಾರ್ ಬದಲಾಯಿಸಿಲ್ಲ", "ಸಾಲ ತೀರಿದೆ" ಇವು ಲೆಕ್ಕದ ಮಾತು. ಇವು ನಿಜ ಇಲ್ಲವೇ ಸುಳ್ಳು, ನೋಡಿ ಪತ್ತೆ ಮಾಡಬಹುದು. ಕಾನೂನಿನಲ್ಲೂ ಈ ವ್ಯತ್ಯಾಸಕ್ಕೆ ಬೆಲೆ ಇದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ತಕ್ಕಂತೆ ಇರಲೇಬೇಕು. ಬರೀ ಹೊಗಳಿಕೆಯನ್ನು ವಿವರಣೆ ಅಂತ ಸಾಧಿಸುವುದು ಕಷ್ಟ. ಹಾಗಾಗಿ ನಮ್ಮ ಕೆಲಸ ಒಂದೇ: ಮಾರುವವನ ಹೊಗಳಿಕೆಯನ್ನು ಪ್ರಶ್ನೆ ಕೇಳಿ ಲೆಕ್ಕದ ಮಾತಾಗಿ ಮಾಡಿಸುವುದು, ಮತ್ತು ಅದನ್ನು ಬರವಣಿಗೆಯಲ್ಲಿ ಪಡೆಯುವುದು.

ಒಂದು ಸ್ಕೂಟರ್ ಜಾಹೀರಾತು ತಗೊಳ್ಳೋಣ. "2018 ಮಾಡೆಲ್, ಸಿಂಗಲ್ ಓನರ್, ಲೇಡಿ ಡ್ರಿವನ್, 6,000 ಕಿ.ಮೀ. ಮಾತ್ರ, ಇನ್ಶೂರೆನ್ಸ್ ಇದೆ, ಪೇಪರ್ಸ್ ಕ್ಲಿಯರ್." ಇಂಥ ಸಾಲು ನೀವೆಲ್ಲ ಓದಿದ್ದೀರಿ.

"ಸಿಂಗಲ್ ಓನರ್" ಎಂಬುದು ಕಾಗದದಲ್ಲಿ ನಿಜವಿದ್ದೂ ಸುಳ್ಳಾಗಬಹುದು. ಹೇಗೆ? ಮೊದಲ ಮಾಲೀಕರು ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಗಾಡಿಯನ್ನು ಬ್ರೋಕರ್ ಕೈಗೆ ಕೊಡುತ್ತಾರೆ. ಬ್ರೋಕರ್ ಹೆಸರು ಬದಲಾಯಿಸದೆ ಇನ್ನೊಬ್ಬರಿಗೆ ಕೊಡುತ್ತಾನೆ, ಅವರು ಒಂದು ವರ್ಷ ಓಡಿಸಿ ಮತ್ತೊಬ್ಬರಿಗೆ ದಾಟಿಸುತ್ತಾರೆ. ಗಾಡಿ ಮೂರು ಕೈ ದಾಟಿದ್ದರೂ ಆರ್‌ಸಿಯಲ್ಲಿ ಇರುವುದು ಒಂದೇ ಹೆಸರು. ಆದ್ದರಿಂದ "ಎಷ್ಟನೇ ಓನರ್" ಅಂತ ಕೇಳಿದರೆ ಸಾಲದು, "ಆರ್‌ಸಿಯಲ್ಲಿ ಇರುವ ಹೆಸರು ನಿಮ್ಮದೇನಾ, ಅವರ ಆಧಾರ್ ಜೊತೆ ಅವರೇ ಬರ್ತಾರಾ" ಅಂತ ಕೇಳಿ.

"ಲೇಡಿ ಡ್ರಿವನ್" ಬಗ್ಗೆ ನಮಗೆ ನಗು ಬರುತ್ತದೆ. ಹೆಂಗಸು ಓಡಿಸಿದರೆ ಎಂಜಿನ್ ಆಯಿಲ್ ತಾನಾಗಿ ಬದಲಾಗುತ್ತದೆಯೇ? "ಡಾಕ್ಟರ್ ಬಳಸಿದ್ದು" ಎನ್ನುವುದೂ ಇದೇ ಜಾತಿ. ನಮಗೆ ಬೇಕಾಗಿರುವುದು ಸರ್ವೀಸ್ ಮಾಡಿಸಿದ ಬಿಲ್ಲು, ಓಡಿಸಿದವರ ಉದ್ಯೋಗವಲ್ಲ.

ಕಿಲೋಮೀಟರ್ ಸತ್ಯವೋ ಅಂತ ಟೈರನ್ನು ಕೇಳಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2223 ಅಂತ ಇದ್ದರೆ ಆ ಟೈರ್ 2023ರ 22ನೇ ವಾರದಲ್ಲಿ ತಯಾರಾದದ್ದು. 2018ರ ಗಾಡಿ ಆರೇ ಸಾವಿರ ಕಿ.ಮೀ. ಓಡಿದ್ದರೆ ಮೊದಲಿನ ಟೈರ್ ಎಲ್ಲಿ ಹೋಯಿತು? ಸರಿಯಾದ ಕಾರಣ ಇರಬಹುದು, ಕೇಳಿ ತಿಳಿಯಬೇಕು. ಕಾಲಿಡುವ ಜಾಗದ ರಬ್ಬರು, ಬ್ರೇಕ್ ಹಿಡಿ, ಬೀಗದ ಕೈ ಸವೆದಿದ್ದರೆ ಅವೂ ಸಾಕ್ಷಿ ಹೇಳುತ್ತವೆ.

"ಇನ್ಶೂರೆನ್ಸ್ ಇದೆ" ಅಂದರೆ ಯಾವುದು? 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ಗಾಡಿ ಕಳವಾದರೆ ಒಂದು ಪೈಸೆಯೂ ಬಾರದು. "ಪೇಪರ್ಸ್ ಕ್ಲಿಯರ್" ಅಂದಾಗ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಇದೆಯೇ ನೋಡಿ. ಸಾಲ ತೀರಿದ್ದರೂ ಕಂಪನಿಯ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆ ಹೆಸರು ತೆಗೆಸಿಲ್ಲದಿದ್ದರೆ ವರ್ಗಾವಣೆಗೆ ಆರ್‌ಟಿಒ ಕಚೇರಿಗೆ ಅಲೆಯುವವರು ನೀವೇ.

ಇನ್ನು ಹೊಲಿಗೆ ಮಿಷನ್. ನಮ್ಮ ಪರಿಚಯದ ಒಂದು ಸಂಘದ ಸದಸ್ಯೆ ಸಂಘದ ಸಾಲದಲ್ಲಿ ಒಂದು ಪವರ್ ಮಿಷನ್ ತರಿಸಿದರು. ಜಾಹೀರಾತು ಹೀಗಿತ್ತು: "ಗಾರ್ಮೆಂಟ್ಸ್ ಮಿಷನ್, ಫುಲ್ ಸೆಟ್, ಫ್ಯಾಕ್ಟರಿ ಕಂಡೀಷನ್." ಬಂದದ್ದು ಫುಲ್ ಸೆಟ್ಟೇ, ಸುಳ್ಳಿಲ್ಲ. ತಲೆ, ಟೇಬಲ್, ಸ್ಟ್ಯಾಂಡ್, ಮೋಟಾರ್ ಎಲ್ಲ ಇತ್ತು. ಆದರೆ ಮೋಟಾರ್ ಕಾರ್ಖಾನೆಯ ತ್ರೀ ಫೇಸ್ ಮೋಟಾರ್, ಮನೆಯ ಕರೆಂಟಿಗೆ ಓಡುವುದೇ ಇಲ್ಲ. ಫೋನ್ ಮಾಡಿದರೆ "ಫ್ಯಾಕ್ಟರಿ ಕಂಡೀಷನ್ ಅಂತ ಹೇಳಿದ್ದೆನಲ್ಲ ಅಕ್ಕಾ" ಎಂಬ ಉತ್ತರ. ಬೇರೆ ಮೋಟಾರ್ ಕೊಳ್ಳುವ ತನಕ ಮಿಷನ್ ಮೂಲೆಯಲ್ಲಿ ಕೂತಿತ್ತು, ವಾರದ ಕಂತು ಮಾತ್ರ ಕೂರಲಿಲ್ಲ. ಜಾಹೀರಾತಿನ ಒಂದೊಂದು ಪದವೂ ನಿಜವಾಗಿದ್ದು ಒಟ್ಟು ಅರ್ಥ ದಾರಿ ತಪ್ಪಿಸಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಗೊತ್ತಿಲ್ಲ.

ಆದ್ದರಿಂದ ಮಿಷನ್ ಕೊಳ್ಳುವವರು ಹೀಗೆ ಕೇಳಿ: ಸಿಂಗಲ್ ಫೇಸೋ ತ್ರೀ ಫೇಸೋ? ಕ್ಲಚ್ ಮೋಟಾರೋ ಸರ್ವೋ ಮೋಟಾರೋ? ಕ್ಲಚ್ ಮೋಟಾರ್ ಸ್ವಿಚ್ ಹಾಕಿದಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ, ಸರ್ವೋ ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ. ಕರೆಂಟ್ ಬಿಲ್ಲಿನಲ್ಲಿ ಇದು ಗೊತ್ತಾಗುತ್ತದೆ. ಇಂಥ ಕಂಪನಿ "ಟೈಪ್" ಅಂತ ಬರೆದಿದ್ದರೆ ಅದು ಆ ಕಂಪನಿಯದಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಹೋಗುವಾಗ ನಿಮ್ಮದೇ ಬಟ್ಟೆಯ ತುಂಡು ತಗೊಂಡು ಹೋಗಿ, ತೆಳು ಬಟ್ಟೆಯಲ್ಲೂ ನಾಲ್ಕು ಮಡಿಕೆಯಲ್ಲೂ ಹೊಲಿದು ಹಿಂಭಾಗ ತಿರುಗಿಸಿ ನೋಡಿ.

ಫೋನಿನ ಜಾಹೀರಾತಿನಲ್ಲಿ "ರಿಫರ್ಬಿಶ್ಡ್" ಎಂಬ ಪದ ದೊಡ್ಡದಾಗಿ ಕೇಳಿಸುತ್ತದೆ. ಚೆನ್ನಾಗಿ ರಿಪೇರಿ ಮಾಡಿದ್ದೂ ರಿಫರ್ಬಿಶ್ಡ್, ಒರೆಸಿ ಹೊಸ ಡಬ್ಬಿಗೆ ಹಾಕಿದ್ದೂ ರಿಫರ್ಬಿಶ್ಡ್. ಏನು ಬದಲಾಯಿಸಿದ್ದಾರೆ, ವಾರಂಟಿ ಯಾರು ಬರೆದುಕೊಡುತ್ತಾರೆ ಕೇಳಿ. "ಬಿಲ್ ಇಲ್ಲ, ಬಾಕ್ಸ್ ಇಲ್ಲ, ಅದಕ್ಕೇ ಕಡಿಮೆ ರೇಟು" ಅಂದರೆ ಕಳವಿನ ಮಾಲು ಇರಬಹುದೇ ಎಂಬ ಅನುಮಾನ ಇರಲಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಫೋನಿನ ವಿವರ ಬರುತ್ತದೆ. ಹಳೆಯವರ ಗೂಗಲ್ ಖಾತೆಯನ್ನು ನಿಮ್ಮ ಎದುರಿಗೇ ತೆಗೆಸಿ.

ಫ್ರಿಜ್‌ನ "5 ಸ್ಟಾರ್" ಕೂಡ ವರ್ಷ ನೋಡಿ ಓದಬೇಕಾದ ಮಾತು. ಜನವರಿ 2023ರಲ್ಲಿ ಸ್ಟಾರ್ ಕೊಡುವ ಅಳತೆ ಬಿಗಿಯಾಯಿತು, ಅದಕ್ಕಿಂತ ಹಿಂದಿನ 5 ಸ್ಟಾರ್ ಈಗಿನ 5 ಸ್ಟಾರ್ ಅಲ್ಲ. ಸ್ಟಾರ್ ಎಣಿಸುವ ಬದಲು ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇದೆ, ಅದನ್ನು ಓದಿ.

"ಅರ್ಜೆಂಟ್ ಸೇಲ್" ಎಂಬ ಪದಕ್ಕೆ ಒಂದು ಬೇರೆ ಎಚ್ಚರಿಕೆ ಬೇಕು. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗಾಡಿಯನ್ನು ಪಾರ್ಸೆಲ್ ಮಾಡುತ್ತೇನೆ, ಮೊದಲು ಸ್ವಲ್ಪ ಹಣ ಹಾಕಿ ಅಂತ ಗುರುತಿನ ಚೀಟಿಯ ಫೋಟೋ ಕಳಿಸುವವರಿದ್ದಾರೆ. ಸೈನಿಕರ ಮೇಲಿನ ನಮ್ಮ ಗೌರವವನ್ನೇ ಬಂಡವಾಳ ಮಾಡಿಕೊಂಡ ಮೋಸ ಇದು. ವಸ್ತು ಕಣ್ಣಿಂದ ನೋಡುವ ಮುಂಚೆ ಅಡ್ವಾನ್ಸ್ ಬೇಡ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೂ ಇಲ್ಲ. ಹಣ ಹೋಯಿತು ಅಂತ ತಿಳಿದ ತಕ್ಷಣ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಮುಂದಿನ ಖಾತೆಗಳಿಗೆ ದಾಟಿಹೋಗಿರುತ್ತದೆ.

ಕಾನೂನಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. 2020ರ ಇ-ಕಾಮರ್ಸ್ ನಿಯಮಗಳು ತಮ್ಮ ಮನೆಯ ಸಾಮಾನನ್ನು ಅಪರೂಪಕ್ಕೆ ಮಾರುವ ಖಾಸಗಿ ವ್ಯಕ್ತಿಗೆ ಅನ್ವಯವಾಗುವುದಿಲ್ಲ. ವಾರವಾರವೂ ಫೋನ್ ಮಾರುವವನು "ನಾನೂ ಖಾಸಗಿಯೇ" ಎನ್ನುವಂತಿಲ್ಲ. ಆತನ ಹೆಸರಿನಲ್ಲಿ ಎಷ್ಟು ಜಾಹೀರಾತು ಇವೆ ನೋಡಿದರೆ ಗೊತ್ತಾಗುತ್ತದೆ. "ನೀವು ದುಡಿಮೆಗೆ ಮಿಷನ್ ತಗೊಂಡಿದ್ದು, ನೀವು ಗ್ರಾಹಕರೇ ಅಲ್ಲ" ಅಂತ ಯಾರಾದರೂ ಹೆದರಿಸಿದರೆ ಒಪ್ಪಬೇಡಿ. ಸ್ವಂತ ಉದ್ಯೋಗದಿಂದ ಜೀವನ ಮಾಡಲು ಕೊಂಡವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. ದೂರನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲ ಮಾಹಿತಿಗೆ 1915. ಖಾಸಗಿಯವರಿಂದ ಕೊಂಡಿದ್ದರೆ ಮೇಲೆ ಹೇಳಿದ 1930ರ ಕಾಯ್ದೆಯೇ ಆಧಾರ, ಬೇಕೆಂದೇ ಸುಳ್ಳು ಹೇಳಿ ಹಣ ಪಡೆದಿದ್ದರೆ ಪೊಲೀಸ್ ದೂರು.

ಯಾವ ದಾರಿ ಹಿಡಿದರೂ ಸಾಕ್ಷಿ ಬೇಕು. ಜಾಹೀರಾತನ್ನು ಮಾರಾಟವಾದ ಕೂಡಲೇ ತೆಗೆದುಬಿಡುತ್ತಾರೆ. ಹಾಗಾಗಿ ಮೊದಲೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನಲ್ಲಿ ಮಾತಾಡಿದ್ದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ: "ಅಣ್ಣಾ, ಮೋಟಾರ್ ಸಿಂಗಲ್ ಫೇಸ್, ಬದಲಾಯಿಸಿಲ್ಲ ಅಂದಿರಿ, ಸರಿ ತಾನೆ?" ಅವರು "ಹೌದು" ಅಂತ ಒಂದು ಪದ ಬರೆದರೆ ಅದು ಲೆಕ್ಕದ ಮಾತಾಯಿತು. ಬರೆಯಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ನಮ್ಮ ಸದಸ್ಯರು ಕೊಳ್ಳುವವರು ಮಾತ್ರವಲ್ಲ, ಮಾರುವವರೂ ಹೌದು. ಬಾಗಿಲಿನ ರಬ್ಬರ್ ಹರಿದಿದ್ದರೆ ಹರಿದಿದೆ ಅಂತ ಬರೆದು, ಅದರ ಫೋಟೋವನ್ನೂ ಹಾಕಿ. ಬೆಲೆ ಸ್ವಲ್ಪ ಇಳಿದರೂ ಜಗಳ ಬರುವುದಿಲ್ಲ. ಸ್ಕೂಟರ್ ಮಾರಿದವರು ಹೆಸರು ಬದಲಾಗುವವರೆಗೆ ನಿಶ್ಚಿಂತರಾಗಬೇಡಿ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಸಂಘದ ಸಭೆಯಲ್ಲಿ ಚರ್ಚಿಸಲು

ಕೆಳಗಿನ ಜಾಹೀರಾತನ್ನು ಒಬ್ಬರು ಗಟ್ಟಿಯಾಗಿ ಓದಿ. "ಅರ್ಜೆಂಟ್ ಸೇಲ್. 5 ಸ್ಟಾರ್ ಫ್ರಿಜ್, ಹೊಸದರ ಹಾಗೇ ಇದೆ. ಕಡಿಮೆ ಬಳಕೆ. ಕಂಪ್ರೆಸರ್ ಒರಿಜಿನಲ್. ಮನೆ ಖಾಲಿ ಮಾಡುತ್ತಿರುವ ಕಾರಣ ಕೊಡುತ್ತಿದ್ದೇವೆ. ಬಿಲ್ ಕಳೆದಿದೆ. ಮೊದಲು 1,000 ರೂಪಾಯಿ ಹಾಕಿದವರಿಗೆ."

ಇದರಲ್ಲಿ ಹೊಗಳಿಕೆ ಮಾತು ಯಾವುವು, ಲೆಕ್ಕದ ಮಾತು ಯಾವುವು? ಪ್ರತಿಯೊಂದು ಹೊಗಳಿಕೆಗೆ ನೀವು ಯಾವ ಪ್ರಶ್ನೆ ಕೇಳುತ್ತೀರಿ? ನಿಮ್ಮ ಸಂಘದಲ್ಲಿ ಹಳೆ ಸಾಮಾನಿಗೆ ಸಾಲ ಕೊಡುವ ಮುಂಚೆ ಸದಸ್ಯೆಯ ಜೊತೆ ಹೋಗಿ ವಸ್ತು ನೋಡಿ ಬರುವವರು ಯಾರು?